ಸಿದ್ದರಾಜುವಿನ ಇಪ್ಪತ್ತೈದು ನಿಮಿಷ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ನಮ್ಮ ಯಜಮಾನರು ಕೇಶವಮೂರ್ತಿ ಮದುವೆಯಾದ ವಾರದಲ್ಲೇ ಕಂಡುಹಿಡಿದರು. ನ್ಯೂಯಾರ್ಕಿನ ಕನ್ನಡದವರು ನಾನು ಕನ್ನಡ ಕೂಟದ ಸಾಂಸ್ಕೃತಿಕ ಕಾರ್ಯದರ್ಶಿಯಾದ ಮೇಲೆ ಕಂಡುಹಿಡಿದರು. ಆದರೆ ಕೋಪವಿಲ್ಲದವರ ಕೈಲಿ ಆ ಕೆಲಸ ಆಗುವುದಿಲ್ಲ, ಬೇಕಾದರೆ ಬರೆದು ಕೊಡುತ್ತೇನೆ. ಮೂರು ಗಂಟೆಯ ಕಾರ್ಯಕ್ರಮಕ್ಕೆ ಮೂವತ್ತನಾಲ್ಕು ಐಟಂ ಬರುತ್ತವೆ. ಪ್ರತಿ ತಾಯಿಗೂ ತನ್ನ ಮಗಳ ಡಾನ್ಸ್ ಊಟಕ್ಕೆ ಮೊದಲೇ ಆಗಬೇಕು, ಊಟವಾದ ಮೇಲೆ ಹಾಲ್‌ನಲ್ಲಿ ಯಾರೂ ಉಳಿಯುವುದಿಲ್ಲ ಎಂದು ಅವಳಿಗೂ ಗೊತ್ತು. ಹಾಗಾಗಿ ಆರು ನಿಮಿಷಕ್ಕೆ ಗಂಟೆ ಹೊಡೆಯುವ ಪದ್ಧತಿ ತಂದವಳು ನಾನೇ. ಹೊಡೆಯುವ ಕೆಲಸ ಮಾತ್ರ ಖಜಾಂಚಿ ಶಿವಕುಮಾರರದು. ಮನೆಯಿಂದ ಪೂಜೆಯ ಗಂಟೆ ತಂದು, ಮುಂದಿನ ಸಾಲಿನಲ್ಲಿ ಕೂತು, ಕೈಗಡಿಯಾರ ನೋಡಿಕೊಂಡು ಹೊಡೆಯುತ್ತಿದ್ದರು.

ಇರಲಿ, ನಾನು ಬರೆಯಲು ಕೂತಿರುವುದು ನನ್ನ ಬಗ್ಗೆ ಅಲ್ಲ, ಸಿದ್ದರಾಜುವಿನ ಬಗ್ಗೆ. ಎದುರಿಗೆ 'ನೀವು' ಎನ್ನುತ್ತಿದ್ದರೂ ಬರೆಯುವಾಗ ಏಕವಚನವೇ ಬರುತ್ತದೆ. ನನ್ನ ಕೊನೆಯ ತಮ್ಮನ ವಾರಗೆಯವನು. ಕೊಳ್ಳೇಗಾಲದ ಕಡೆಯವನು, ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ ಎಪ್ಪತ್ತಾರರಲ್ಲಿ ಇಲ್ಲಿಗೆ ಬಂದ. ಸೀಕಾಕಸ್‌ನ ಒಂದು ದೊಡ್ಡ ವೇರ್‌ಹೌಸ್‌ನಲ್ಲಿ ಮೆಷಿನ್‌ಗಳ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದ. ಹೆಂಡತಿ ಸುಧಾಮಣಿಯೊಂದಿಗೆ ಜೆರ್ಸಿ ಸಿಟಿಯಲ್ಲಿ ಎರಡು ಕೋಣೆಯ ಅಪಾರ್ಟ್‌ಮೆಂಟ್.

ಸಣಕಲು ಮೈ, ತೆಳ್ಳನೆ ಮೀಸೆ, ಬಾಯಿ ತೆರೆಯುವ ಮೊದಲೇ ನಗುವ ಮುಖ. ಬೆಲ್‌ರೋಸ್‌ನಲ್ಲಿ ನಮ್ಮ ಮನೆ ಬೆಚ್ಚಗಿಡುವ ಬಾಯ್ಲರ್ ಜನವರಿಯಲ್ಲಿ ಕೆಟ್ಟು ನಾವಿಬ್ಬರೂ ಕೋಟು ಹಾಕಿಕೊಂಡು ಊಟ ಮಾಡುತ್ತಿದ್ದಾಗ, ಫೋನ್ ಮಾಡಿದ ಎರಡು ಗಂಟೆಯೊಳಗೆ ಹಿಮದಲ್ಲಿ ಡ್ರೈವ್ ಮಾಡಿಕೊಂಡು ಬಂದು ಸರಿಮಾಡಿದ. ಒಂದು ಲೋಟ ಕಾಫಿ ಕುಡಿಸಬೇಕಾದರೆ ಬಾಗಿಲಿಗೆ ಅಡ್ಡ ನಿಲ್ಲಬೇಕಾಯಿತು. ಕೂಟದ ಯಾವ ಕಾರ್ಯಕ್ರಮಕ್ಕೆ ಹೋಗಲಿ, ಈತ ವೇದಿಕೆಯ ಕೆಳಗೆ ಮೈಕಿನ ವೈರು ಹಿಡಿದು ಕೂತಿರುತ್ತಿದ್ದ. 'ಮೈಕ್ ಸಿದ್ದರಾಜು' ಎಂದೇ ಹೆಸರು. ಹತ್ತು ವರ್ಷದಲ್ಲಿ ಆ ಮೈಕಿನಲ್ಲಿ ಆತ ಆಡಿದ ಮಾತು 'ಹಲೋ, ಚೆಕ್, ಚೆಕ್' ಅಷ್ಟೇ. ತಂದೆ ಏನು ಮಾಡುತ್ತಿದ್ದರು ಎಂದು ಯಾರಾದರೂ ಕೇಳಿದರೆ "ವ್ಯವಸಾಯ" ಎಂದು ಹೇಳಿ ವೈರಿನ ಕಡೆ ತಿರುಗಿಬಿಡುತ್ತಿದ್ದ.

ಎಂಬತ್ತೇಳರ ಅಕ್ಟೋಬರ್‌ನಲ್ಲಿ ಈ ಸಿದ್ದರಾಜು ನನಗೆ ಫೋನ್ ಮಾಡಿದ. ರಾಜ್ಯೋತ್ಸವಕ್ಕೆ ತಾನೊಂದು ಪದ ಹೇಳಬೇಕು, ಇಪ್ಪತ್ತೈದು ನಿಮಿಷ ಬೇಕು ಎಂದ. ನಾನು ನಕ್ಕುಬಿಟ್ಟೆ. ಅಧ್ಯಕ್ಷರ ಭಾಷಣಕ್ಕೇ ನಾನು ಇಪ್ಪತ್ತೈದು ನಿಮಿಷ ಕೊಟ್ಟವಳಲ್ಲ. ಆರೇ ಆರು ಎಂದೆ. ಆರು ನಿಮಿಷದಲ್ಲಿ ಪದ ಏಳುವುದೇ ಇಲ್ಲ ಅಕ್ಕಾ ಎಂದ. ಅದು ತಂಬೂರಿ ಪದವಂತೆ. ತಂಬೂರಿಯವರ ಉಡುಪಿನಲ್ಲೇ ಬರುತ್ತಾನಂತೆ. ಜೊತೆಗೆ ಕೆಲಸದ ಕಡೆಯ ಒಬ್ಬ ಸ್ನೇಹಿತರೂ ಬರುತ್ತಾರೆ, ತಾನು ಹೇಳಿದ ಸಾಲನ್ನು ಅವರು ತಿರುಗಿ ಹೇಳಬೇಕು, ಹಾಗೆ ಸೊಲ್ಲು ಕೊಡುವವರಿಲ್ಲದಿದ್ದರೆ ಪದ ಮುಂದಕ್ಕೆ ಹೋಗುವುದಿಲ್ಲ ಎಂದೆಲ್ಲ ವಿವರಿಸಿದ. ನನಗೆ ಒಂದು ಕಿವಿ ಫೋನಿನಲ್ಲಿ, ಇನ್ನೊಂದು ಕುಕ್ಕರಿನ ಸೀಟಿಯಲ್ಲಿ. ಆಯ್ತಪ್ಪ, ಎಲ್ಲಾದರೂ ತುರುಕುತ್ತೇನೆ ಎಂದು ಫೋನಿಟ್ಟೆ.

ಆ ಫೋನ್ ಮಾಡಲು ಆತ ಮೂರು ವರ್ಷ ಧೈರ್ಯ ಕೂಡಿಸಿಕೊಂಡಿದ್ದ ಎನ್ನುವುದು ನನಗೆ ಆಮೇಲೆ ತಿಳಿಯಿತು. ಆತನ ತಂದೆ ರಾಚಯ್ಯ ವ್ಯವಸಾಯದವರಲ್ಲ, ತಂಬೂರಿಯವರು. ಊರೂರು ತಿರುಗಿ, ಮನೆಯ ಮುಂದೆ ನಿಂತು ಪದ ಹೇಳಿ, ಕೊಟ್ಟ ರಾಗಿಯನ್ನು ಜೋಳಿಗೆಯಲ್ಲಿ ತಂದು ಸಂಸಾರ ಸಾಕಿದವರು. ಎಂಬತ್ತನಾಲ್ಕರಲ್ಲಿ ಅವರು ತೀರಿಕೊಂಡಾಗ ಮಗ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಂಬೂರಿಯವರ ಮನೆಯಲ್ಲಿ ಸಾವಾದರೆ ಮಗ ಪದ ಹೇಳಿ ಕಳಿಸಿಕೊಡಬೇಕಂತೆ. ಮಗ ಇರಲಿಲ್ಲ, ಪದವನ್ನು ಬೇರೆಯವರು ಹೇಳಿದರು. ಅಂದಿನಿಂದ ಸಿದ್ದರಾಜುವಿಗೆ ಇದ್ದದ್ದು ಒಂದೇ ಆಸೆ. ಅಪ್ಪನ ಮಗನಾಗಿ, ತನ್ನ ಜನ ಎಂದು ಕೂಡುವ ನಮ್ಮೆದುರು ನಿಂತು, ಒಂದು ಸಲ ಪೂರ್ತಿ ಪದ ಹೇಳಬೇಕು. ಹನ್ನೊಂದು ವರ್ಷ ಮುಚ್ಚಿಟ್ಟದ್ದನ್ನು ಬಿಚ್ಚಬೇಕು.

ನಾನು ಏನು ಮಾಡಿದೆ ಕೇಳಿ. ನನ್ನ ಪಟ್ಟಿಯಲ್ಲಿ ಸಂಗೀತದ ವಿಭಾಗ ತುಂಬಿ ತುಳುಕುತ್ತಿತ್ತು. ಆ ವರ್ಷ ಹೊಸದಾಗಿ ದೊಡ್ಡವರ ವೇಷ ಸ್ಪರ್ಧೆ ಇಟ್ಟಿದ್ದೆವು, ಅದಕ್ಕೆ ಮೂರೇ ಹೆಸರು ಬಂದಿದ್ದವು, ಇಬ್ಬರು ಹಳ್ಳಿ ಗೌಡರು ಮತ್ತು ಒಬ್ಬಳು ಕೊರವಂಜಿ. ಸಿದ್ದರಾಜು ಹೇಗೂ ತಂಬೂರಿಯವರ ಉಡುಪಿನಲ್ಲಿ ಬರುತ್ತಾನಲ್ಲ ಎಂದು ನಾಲ್ಕನೆಯ ಹೆಸರು ಬರೆದುಕೊಂಡೆ. ಸಮಸ್ಯೆ ಬಗೆಹರಿಯಿತು ಎಂದು ಖುಷಿಯೂ ಆಯಿತು. ಆತನಿಗೆ ತಿಳಿಸಲಿಲ್ಲ, ತಿಳಿಸಬೇಕು ಎಂದು ಹೊಳೆಯಲೇ ಇಲ್ಲ.

ಕಾರ್ಯಕ್ರಮದ ದಿನ ಶಾಲೆಯ ಆಡಿಟೋರಿಯಂನಲ್ಲಿ ಇನ್ನೂರು ಜನ. ಸಿದ್ದರಾಜು ಮೈಕ್ ಸರಿಮಾಡಿ ಮುಗಿಸಿ ಎಲ್ಲಿಗೋ ಮಾಯವಾದ. ನಾಲ್ಕನೇ ಸಾಲಿನಲ್ಲಿ ಕಂದು ಬಣ್ಣದ ಸೂಟು ಹಾಕಿಕೊಂಡು, ಹ್ಯಾಟನ್ನು ಮೊಣಕಾಲ ಮೇಲಿಟ್ಟುಕೊಂಡು ಒಬ್ಬ ವಯಸ್ಸಾದ ಕರಿಯ ಹಿರಿಯರು ಕೂತಿದ್ದರು. ಹಾಲ್ ಬಾಡಿಗೆಯ ವಿಷಯಕ್ಕೆ ಬಂದವರಿರಬೇಕು ಎಂದುಕೊಂಡೆ. ಎರಡನೇ ಗೌಡರು ಮೀಸೆ ತಿರುವಿ ಇಳಿದರು. ನಾನು ಮೈಕಿನಲ್ಲಿ ಕೂಗಿ ಹೇಳಿದೆ, ಈಗ ನಾಲ್ಕನೇ ಸ್ಪರ್ಧಿ, ನಮ್ಮ ಮೈಕ್ ಸಿದ್ದರಾಜು, ತಂಬೂರಿಯವನ ವೇಷದಲ್ಲಿ ಎಂದು.

ಬಿಳಿಯ ನಿಲುವಂಗಿ, ತಲೆಗೆ ರುಮಾಲು, ಕೊರಳಲ್ಲಿ ರುದ್ರಾಕ್ಷಿ ಸರ, ಹೆಗಲಿಗೆ ಹಳೆಯ ಜೋಳಿಗೆ, ಎದೆಗೆ ಒರಗಿಸಿದ ತಂಬೂರಿ. ಹಾಲ್ ತುಂಬ ಚಪ್ಪಾಳೆ, ಶಿಳ್ಳೆ. ಆತ ಅರ್ಧ ದಾರಿಯಲ್ಲಿ ನಿಂತು ನನ್ನ ಮುಖ ನೋಡಿದ. ನಾನು ಬೇಗ ಬೇಗ ಎಂದು ಕೈಸನ್ನೆ ಮಾಡಿದೆ. ಬಂದು, ಕಣ್ಣು ಮುಚ್ಚಿ ಮೊದಲ ಸಾಲು ಎತ್ತಿದ, ನಿಲ್ಲಿಸಿದ. ಕಾದ. ಆಗ ನಾಲ್ಕನೇ ಸಾಲಿನಿಂದ ಆ ಹಿರಿಯರು ಕೂತಲ್ಲಿಂದಲೇ ದಪ್ಪ ದನಿಯಲ್ಲಿ ಅದೇ ಸಾಲನ್ನು ಕನ್ನಡದಲ್ಲಿ ತಿರುಗಿ ಹೇಳಿದರು. ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಇದೂ ವೇಷದ ಭಾಗ, ಎಂಥ ಐಡಿಯಾ ಎಂದು ನಾನೂ ನಕ್ಕೆ. ಎರಡನೇ ಸಾಲಿಗೂ ನಕ್ಕರು. ಮೂರನೆಯದಕ್ಕೆ ಶಿವಕುಮಾರರು ಗಂಟೆ ಹೊಡೆದರು. ವೇಷಕ್ಕೆ ಎರಡೇ ನಿಮಿಷ ಎಂದು ನಾನೇ ನಿಯಮ ಮಾಡಿದ್ದೆ.

ಮೊದಲ ಬಹುಮಾನ ಸಿದ್ದರಾಜುವಿಗೇ ಬಂತು, ಐದು ಲೀಟರಿನ ಪ್ರೆಶರ್ ಕುಕ್ಕರ್. ತೀರ್ಪುಗಾರರೂ ಶಿವಕುಮಾರರೇ. ಜೋಳಿಗೆಯ ತೇಪೆ ಕೂಡ ಎಷ್ಟು ಸಹಜವಾಗಿದೆ ನೋಡಿ ಎಂದು ಮೈಕಿನಲ್ಲಿ ಹೊಗಳಿದರು. ಸಿದ್ದರಾಜು ಕೈಮುಗಿದು ತೆಗೆದುಕೊಂಡ. ಹಾಲ್ ಖಾಲಿ ಮಾಡುವಾಗ ನೋಡಿದರೆ ಕುಕ್ಕರ್ ಒಂದು ಕುರ್ಚಿಯ ಮೇಲೆ ಕೂತಿತ್ತು. ಮೈಕಿನ ವೈರುಗಳನ್ನು ಮಾತ್ರ ಎಂದಿನಂತೆ ನೀಟಾಗಿ ಸುತ್ತಿಟ್ಟು ಹೋಗಿದ್ದ.

ಮೊದಲ ಬಹುಮಾನ ಮರೆತು ಹೋಗುವ ಮನುಷ್ಯನನ್ನು ನೀವು ಕಂಡಿದ್ದೀರಾ? ಎರಡು ವಾರ ಫೋನ್ ಮಾಡಿದೆ, ಎತ್ತಲಿಲ್ಲ. ನನಗೆ ತಲೆ ಕೆಟ್ಟಿತು. ಒಂದು ಭಾನುವಾರ ಕುಕ್ಕರನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು, ಹಾಲೆಂಡ್ ಟನಲ್‌ನಲ್ಲಿ ನಲವತ್ತು ನಿಮಿಷ ಸಿಕ್ಕಿಕೊಂಡು, ದಾರಿಯುದ್ದಕ್ಕೂ ಬೈದುಕೊಂಡು ಜೆರ್ಸಿ ಸಿಟಿಗೆ ಹೋದೆ. ಬಾಗಿಲು ತೆರೆದ ಸುಧಾಮಣಿ ಒಳಗೆ ಬನ್ನಿ ಎಂದಳು, ಆದರೆ ನಗಲಿಲ್ಲ. ಅವಳು ನಗದಿದ್ದುದನ್ನು ನಾನು ಮೊದಲು ನೋಡಿದ್ದು ಅಂದೇ.

ಕುಕ್ಕರನ್ನು ಟೇಬಲ್ ಮೇಲಿಟ್ಟು, ಏನಪ್ಪಾ ಇದು, ಗೆದ್ದದ್ದನ್ನು ಬಿಟ್ಟು ಬರುವಷ್ಟು ದೊಡ್ಡ ಸಾಹುಕಾರರಾದಿರಾ ಎಂದೆ. ಸಿದ್ದರಾಜು ಕುಕ್ಕರನ್ನು ನನ್ನ ಕಡೆಗೇ ಸರಿಸಿದ.

"ಅಕ್ಕಾ, ಅದು ವೇಷ ಅಲ್ಲ. ನಮ್ಮಪ್ಪನ ಬಟ್ಟೆ."

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಜೋಳಿಗೆಯ ತೇಪೆ ಆತನ ತಾಯಿ ಹೊಲಿದದ್ದು. ಅದನ್ನು ನಾವು ಇನ್ನೂರು ಜನ ಕೂತು ನೋಡಿ, ಸಹಜವಾಗಿದೆ ಎಂದು ಅಂಕ ಕೊಟ್ಟಿದ್ದೆವು. ಅಂದು ಆತ ನನಗೆ ತಂದೆಯ ವಿಷಯವೆಲ್ಲ ಹೇಳಿದ. ದೂರುವ ಧಾಟಿಯಲ್ಲಲ್ಲ, ಬಾಯ್ಲರ್ ಯಾಕೆ ಕೆಟ್ಟಿತು ಎಂದು ವಿವರಿಸುವ ಹಾಗೆ. ಇಪ್ಪತ್ತೈದು ನಿಮಿಷ ಯಾಕೆ ಬೇಕಾಗಿತ್ತು ಎಂಬುದನ್ನೂ ಹೇಳಿದ. ಪೂರ್ತಿ ಪದ ಕೇಳಿದ ಮನೆಯಲ್ಲಿ ಮನೆಯಾಕೆ ಮೊರದಲ್ಲಿ ರಾಗಿ ತಂದು ಎರಡೂ ಕೈಯಲ್ಲಿ ಕೊಡುತ್ತಿದ್ದಳಂತೆ. ಅದು ಪದಕ್ಕೆ ಸಲ್ಲಬೇಕಾದದ್ದು, ರಾಚಯ್ಯ ಅದನ್ನು ತಲೆಯೆತ್ತಿ ತೆಗೆದುಕೊಳ್ಳುತ್ತಿದ್ದರು. ಅರ್ಧಕ್ಕೇ ತಂದು ಸುರಿದು ಸಾಕು ಹೋಗು ಎಂದರೆ ಅದು ಭಿಕ್ಷೆ. ಅಂಥ ದಿನ ಅಪ್ಪ ಮನೆಗೆ ಬಂದು ಮಾತಾಡುತ್ತಿರಲಿಲ್ಲ ಎಂದ.

ಮೈಸೂರಿನ ನಮ್ಮ ಅಜ್ಜಿಯ ಮನೆಗೂ ತಂಬೂರಿಯವರು ಬರುತ್ತಿದ್ದರು. ತಂತಿಯ ಸದ್ದು ಬೀದಿಯ ತುದಿಯಲ್ಲಿ ಕೇಳುತ್ತಲೇ ಅಜ್ಜಿ ನನ್ನ ಕೈಗೆ ಅಕ್ಕಿಯ ಬಟ್ಟಲು ಕೊಟ್ಟು, ಹೋಗು, ಶುರು ಮಾಡುವ ಮೊದಲೇ ಹಾಕಿಬಿಟ್ಟು ಬಾ, ಇಲ್ಲದಿದ್ದರೆ ಬಿಡುವುದಿಲ್ಲ ಎನ್ನುತ್ತಿದ್ದಳು. ನಾನು ಎಷ್ಟು ಸಲ ಓಡಿಹೋಗಿ ಹಾಕಿದ್ದೇನೋ. ಒಂದು ಪದವನ್ನೂ ಕೊನೆಯವರೆಗೆ ಕೇಳಿದವಳಲ್ಲ. ಇದನ್ನು ಸಿದ್ದರಾಜುವಿಗೆ ಹೇಳಿ ಅಲ್ಲೇ ಅತ್ತುಬಿಟ್ಟೆ. ಐವತ್ತು ವರ್ಷದ ಹೆಂಗಸು, ಇನ್ನೊಬ್ಬರ ಮನೆಯ ಸೋಫಾದ ಮೇಲೆ. ಆತ ಗಾಬರಿಯಾಗಿ, ಹೋಗಲಿ ಬಿಡಿ ಅಕ್ಕಾ, ಕುಕ್ಕರ್ ಚೆನ್ನಾಗಿದೆ ಎಂದು ನನ್ನನ್ನೇ ಸಮಾಧಾನ ಮಾಡಿದ. ಸುಧಾಮಣಿ ಅಡುಗೆಮನೆಯಿಂದಲೇ ಹೇಳಿದಳು.

"ಅವತ್ತಿಂದ ಇವರು ತಂಬೂರಿ ಮುಟ್ಟಿಲ್ಲ. ಬೀರುವಿನಲ್ಲಿಟ್ಟು ಬೀಗ ಹಾಕಿದಾರೆ."

ಆ ಮಾತು ನನ್ನನ್ನು ಮಲಗಲು ಬಿಡಲಿಲ್ಲ. ಫೆಬ್ರವರಿಯ ಕಮಿಟಿ ಸಭೆಯಲ್ಲಿ, ಯುಗಾದಿ ಕಾರ್ಯಕ್ರಮದಲ್ಲಿ ಸಿದ್ದರಾಜುವಿಗೆ ಇಪ್ಪತ್ತೈದು ನಿಮಿಷ ಎಂದೆ. ಎಲ್ಲರೂ ನನ್ನನ್ನೇ ನೋಡಿದರು. ಜನ ಎದ್ದು ಹೋಗುತ್ತಾರೆ, ಮಕ್ಕಳು ಗಲಾಟೆ ಮಾಡುತ್ತವೆ, ವೇಷವನ್ನು ಒಂದು ಸಲ ನೋಡಿಯಾಗಿದೆಯಲ್ಲ ಎಂದು ಶಿವಕುಮಾರರು ಒಂದಾದ ಮೇಲೊಂದು ಕಾರಣ ಕೊಟ್ಟರು. ನನ್ನ ಕೋಪ ಒಮ್ಮೆಯಾದರೂ ಸರಿಯಾದ ಜಾಗದಲ್ಲಿ ಉಪಯೋಗಕ್ಕೆ ಬಂತು. ಹಾಗಾದರೆ ಬೇರೆ ಕಾರ್ಯದರ್ಶಿಯನ್ನು ಹುಡುಕಿಕೊಳ್ಳಿ, ಮೂವತ್ತನಾಲ್ಕು ತಾಯಂದಿರ ಫೋನ್ ನಂಬರು ಈಗಲೇ ಕೊಡುತ್ತೇನೆ ಎಂದೆ. ಎರಡು ನಿಮಿಷದಲ್ಲಿ ಒಪ್ಪಿಗೆಯಾಯಿತು.

ಒಪ್ಪದವನು ಸಿದ್ದರಾಜು. ಮೂರು ಸಲ ಫೋನ್ ಮಾಡಿದೆ. ಮೈಕ್ ನೋಡಿಕೊಳ್ಳುತ್ತೇನೆ, ಅದಕ್ಕೆ ಬರುತ್ತೇನೆ, ಪದ ಮಾತ್ರ ಬೇಡ ಎಂದ. ಮೂರನೆಯ ಸಲ ದನಿ ಒಂದು ಚೂರು ಗಟ್ಟಿಯಾಯಿತು. ಹಾಗಾಗಿ ಆತನಿಗೆ ಹೇಳದೆ, ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಲ್ಯಾಬಿಗೆ ಒಂದು ದಿನ ರಜೆ ಹಾಕಿ ಸೀಕಾಕಸ್‌ಗೆ ಹೋದೆ. ಕಂದು ಸೂಟಿನ ಹಿರಿಯರನ್ನು ಹುಡುಕಿಕೊಂಡು. ಅವರ ಹೆಸರು ವಿಲ್ಬರ್ಟ್. ಅರವತ್ತನಾಲ್ಕು ವರ್ಷ, ಮಿಸಿಸಿಪ್ಪಿಯ ಹತ್ತಿಯ ಹೊಲಗಳ ಕಡೆಯವರು. ವೇರ್‌ಹೌಸ್‌ನಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದರು. ಲಂಚ್ ಹೊತ್ತಿಗೆ ಲಾರಿ ನಿಲ್ಲುವ ಕಟ್ಟೆಯ ಮೇಲೆ ಒಂದು ಪೆಟ್ಟಿಗೆ ಒರೆಸಿ ನನ್ನನ್ನು ಕೂರಿಸಿದರು. ನವೆಂಬರ್‌ನಲ್ಲಿ ಅವರನ್ನು ನೋಡಿ ನಕ್ಕ ಇನ್ನೂರು ಜನರಲ್ಲಿ ನಾನೂ ಒಬ್ಬಳು ಎಂದು ಮೊದಲೇ ಹೇಳಿಬಿಟ್ಟೆ. ಅವರು ಸ್ಯಾಂಡ್‌ವಿಚ್‌ನ ಅರ್ಧ ನನಗೆ ಕೊಟ್ಟರು. ತಿನ್ನದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ ಎಂದು, ಒಳಗಿದ್ದ ಮಾಂಸವನ್ನು ತೆಗೆದಿಟ್ಟು ಬ್ರೆಡ್ ತಿಂದೆ.

ಅವರಿಬ್ಬರ ಸ್ನೇಹ ಶುರುವಾದದ್ದೇ ಅದೇ ಕಟ್ಟೆಯ ಮೇಲೆ. ವಿಲ್ಬರ್ಟ್ ಊಟವಾದ ಮೇಲೆ ತಮ್ಮ ತಾಯಿಯ ಒಂದು ಹಾಡನ್ನು ಸುಮ್ಮನೆ ಹಾಡಿಕೊಳ್ಳುತ್ತಿದ್ದರಂತೆ. ಒಂದು ದಿನ ಸರಕು ಸಾಗಿಸುವ ಬೆಲ್ಟ್ ಕೆಟ್ಟಿದ್ದನ್ನು ನೋಡಲು ಬಂದ ಸಿದ್ದರಾಜು ಸ್ಪ್ಯಾನರ್ ಹಿಡಿದುಕೊಂಡೇ ನಿಂತುಬಿಟ್ಟ. ಬ್ಲೂಸ್ ಎಂದು ರೇಡಿಯೋದಲ್ಲಿ ಹಾಕುತ್ತಾರಲ್ಲ, ಆ ಜಾತಿಯ ಹಾಡು, ಆದರೆ ಕಥೆ ಇರುವಂಥದ್ದು. ನನಗೂ ಹಾಡಿ ತೋರಿಸಿದರು. ಮನೆಯಲ್ಲಿ ಹಿಟ್ಟಿನ ಡಬ್ಬ ಖಾಲಿ. ಸಂಜೆಯಾದರೆ ಅಮ್ಮ ಒಲೆ ಹಚ್ಚುತ್ತಾಳೆ. ಒಲೆಯ ಮೇಲೆ ಏನೂ ಇಲ್ಲ. ಹೊಲದ ಆಚೆಯ ಮನೆಯವರು ಚಿಮಣಿಯ ಹೊಗೆ ನೋಡಿ, ಅವರು ಊಟ ಮಾಡುತ್ತಿದ್ದಾರೆ ಎಂದುಕೊಳ್ಳಲಿ ಅಂತ. ಎಂಟು ನುಡಿ, ಪ್ರತಿ ನುಡಿಯಲ್ಲೂ ಒಂದೊಂದು ಸಂಜೆ, ಪ್ರತಿ ಸಂಜೆಯೂ ಹೊಗೆ. ಕೊನೆಯಲ್ಲಿ ಸೌದೆಯೂ ಮುಗಿಯುತ್ತದೆ.

ಸಿದ್ದರಾಜು ಯಾಕೆ ನಿಂತ ಎಂದು ವಿಲ್ಬರ್ಟ್ ಹೇಳಬೇಕಾಗಿರಲಿಲ್ಲ, ಆದರೂ ಹೇಳಿದರು. ರಾಚಯ್ಯ ಬರಿ ಜೋಳಿಗೆಯಲ್ಲಿ ಬಂದ ದಿನ ಸಿದ್ದರಾಜುವಿನ ತಾಯಿಯೂ ಇದನ್ನೇ ಮಾಡುತ್ತಿದ್ದಳಂತೆ. ಹಸಿ ಸೊಪ್ಪು ಹಾಕಿ ಹೊಗೆ ಹೆಚ್ಚು ಮಾಡುತ್ತಿದ್ದಳಂತೆ.

ಪ್ರತಿ ನುಡಿಯ ಮೊದಲ ಸಾಲನ್ನು ಎರಡು ಸಲ ಯಾಕೆ ಹೇಳುತ್ತೀರಿ ಎಂದು ಕೇಳಿದೆ. ವಿಲ್ಬರ್ಟ್ ನಕ್ಕರು. ಮೂರನೆಯ ಸಾಲು ಏನು ಎಂದು ಯೋಚಿಸಲು ಹೊತ್ತು ಬೇಕಲ್ಲ ಎಂದರು. ಅವರ ಮುತ್ತಜ್ಜನ ಕಾಲದಲ್ಲಿ ಹತ್ತಿಯ ಸಾಲುಗಳಲ್ಲಿ ಒಬ್ಬ ಕೂಗಿ ಹಾಡಿದರೆ ದೂರದ ಸಾಲಿನಿಂದ ಇನ್ನೊಬ್ಬ ತಿರುಗಿ ಹಾಡುತ್ತಿದ್ದ. ಆ ಸದ್ದು ಆಫ್ರಿಕಾದಿಂದ ಬಂದವರ ಗಂಟಲಲ್ಲಿ ಬಂದದ್ದು, ಅದನ್ನು ಕಿತ್ತುಕೊಳ್ಳಲು ಯಾರ ಕೈಲೂ ಆಗಲಿಲ್ಲ. ವಿಲ್ಬರ್ಟ್ ಚಿಕ್ಕವರಿದ್ದಾಗ ಗಿಟಾರ್ ಕೊಳ್ಳುವ ಮಾತೆಲ್ಲಿ? ಪೊರಕೆ ಕಟ್ಟಿದ ತಂತಿಯನ್ನು ಬಿಚ್ಚಿ, ಮನೆಯ ಗೋಡೆಗೆ ಎರಡು ಮೊಳೆ ಹೊಡೆದು ಬಿಗಿದು, ಬಾಟಲಿಯ ಚೂರಿನಿಂದ ಉಜ್ಜಿ ನುಡಿಸುತ್ತಿದ್ದರು. ಮನೆಯೇ ವಾದ್ಯ. ಒಳಗೆ ಮಲಗಿದ್ದ ಅಜ್ಜಿ ಬೈಯುತ್ತಿದ್ದಳಂತೆ. ತಂಬೂರಿ ಪದದಲ್ಲೂ ಸೊಲ್ಲು ಕೊಡುವುದು ಇದಕ್ಕೇ, ಪದ ಹೇಳುವವನಿಗೆ ಉಸಿರು ಸಿಗಲಿ ಎಂದು, ಇದನ್ನು ಸಿದ್ದರಾಜು ಅವರಿಗೆ ಹೇಳಿಕೊಟ್ಟಿದ್ದ. ಹಾಗೆ ಒಂದೂವರೆ ವರ್ಷ ಲಂಚ್ ಹೊತ್ತಿನಲ್ಲಿ ಇಬ್ಬರೂ ಕೂತು, ವಿಲ್ಬರ್ಟ್‌ರ ತಾಯಿಯ ಕಥೆಯನ್ನು ರಾಚಯ್ಯನವರ ಪದದ ಧಾಟಿಗೆ, ಮಟ್ಟಿಗೆ ಕೂರಿಸಿದ್ದರು. ನಾವು ಗಂಟೆ ಹೊಡೆದು ನಿಲ್ಲಿಸಿದ್ದು ಅದನ್ನು.

ಏಪ್ರಿಲ್ ಕೊನೆಗೆ ರಿಟೈರ್ ಆಗಿ ಮಿಸಿಸಿಪ್ಪಿಗೆ, ತಂಗಿಯ ಮನೆಗೆ ಹೋಗುತ್ತೇನೆ ಎಂದರು ವಿಲ್ಬರ್ಟ್. ಆಮೇಲೆ ಸಿದ್ದರಾಜುವಿಗೆ ಸೊಲ್ಲು ಕೊಡುವವರು ಇಲ್ಲ. ನಾನು ಕೇಳುವ ಮೊದಲೇ, ಅವನಿಗೆ ನಾನು ಹೇಳುತ್ತೇನೆ ಎಂದು ಹ್ಯಾಟ್ ಹಾಕಿಕೊಂಡು ಎದ್ದರು. ಏನು ಹೇಳಿದರೋ. ಮರುದಿನ ಸಿದ್ದರಾಜು ಫೋನ್ ಮಾಡಿದ. ಅಮ್ಮನ ಹಾಡನ್ನು ನಿಮ್ಮ ಭಾಷೆಯಲ್ಲಿ ಒಂದು ಸಲ ಕೊನೆತನಕ ಕೇಳಿ ಊರಿಗೆ ಹೋಗುತ್ತೇನೆ ಎಂದು ಹಿರಿಯರು ಬಾಯಿಬಿಟ್ಟು ಕೇಳಿದರೆ ಇಲ್ಲ ಎನ್ನುವುದು ಹೇಗೆ ಅಕ್ಕಾ ಎಂದ. ಆದರೆ ಎರಡು ಷರತ್ತು. ಅಪ್ಪನ ಬಟ್ಟೆಯನ್ನು ಇನ್ನು ಆ ಹಾಲ್‌ಗೆ ತರುವುದಿಲ್ಲ, ಪರಿಚಯದ ಮಾತನ್ನು ನಾನೇ ಆಡುತ್ತೇನೆ ಎಂದ.

ಏಪ್ರಿಲ್‌ನ ಎರಡನೇ ಶನಿವಾರ. ಸಿದ್ದರಾಜು ಆಫೀಸಿನ ಪ್ಯಾಂಟು, ಇಸ್ತ್ರಿ ಮಾಡಿದ ನೀಲಿ ಶರ್ಟಿನಲ್ಲಿ ಬಂದ. ಪಕ್ಕದಲ್ಲಿ ಅದೇ ಕಂದು ಸೂಟಿನ ವಿಲ್ಬರ್ಟ್. ಊಟಕ್ಕೆ ಮೊದಲಿನ ಕೊನೆಯ ಐಟಂ, ಜನ ಆಗಲೇ ಬಿಸಿಬೇಳೆಯ ವಾಸನೆ ಹಿಡಿದಿದ್ದರು. ನಾನು ಮೊದಲು ಮೈಕಿನ ಮುಂದೆ ನಿಂತು, ನವೆಂಬರ್‌ನಲ್ಲಿ ಇವರನ್ನು ವೇಷದವರ ಸಾಲಿಗೆ ಸೇರಿಸಿದ್ದು ನನ್ನ ತಪ್ಪು, ಅದಕ್ಕೆ ಎಲ್ಲರೆದುರು ಕ್ಷಮೆ ಕೇಳುತ್ತೇನೆ ಎಂದೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಸಿದ್ದರಾಜು ಮುಂದೆ ಬಂದ. ಮೈಕನ್ನು ಅಭ್ಯಾಸಬಲದಿಂದ ಒಮ್ಮೆ ತಟ್ಟಿದ.

"ನಮ್ಮಪ್ಪನ ಹೆಸರು ತಂಬೂರಿ ರಾಚಯ್ಯ. ಮನೆಮನೆ ಮುಂದೆ ಪದ ಹೇಳಿ ರಾಗಿ ಈಸ್ಕೊಂಡು ಬರ್ತಿದ್ರು. ಆ ರಾಗಿ ತಿಂದು ನಾನು ಇಂಜಿನಿಯರ್ ಆದೆ. ನಿಮಗೆಲ್ಲ ವ್ಯವಸಾಯ ಅಂತ ಸುಳ್ಳು ಹೇಳಿದ್ದೆ." ವಿಲ್ಬರ್ಟ್ ಕಡೆ ನೋಡಿದ. "ಈ ಹಾಡು ಇವರ ತಾಯೀದು. ಮಟ್ಟು ನಮ್ಮಪ್ಪಂದು."

ಆಮೇಲೆ ಕಿಸಕ್ಕನೆ ಯಾರೂ ನಗಲಿಲ್ಲ. ತಂತಿ ಮೀಟಿ ಎತ್ತಿದ.

ಒಲೆಯ ಹಚ್ಚವಳೆ ನಮ್ಮವ್ವ, ಒಲೆಯ ಹಚ್ಚವಳೆ,
ಒಲೆಯ ಮ್ಯಾಲೆ ಮಡಕೆ ಇಲ್ಲ, ಒಲೆಯ ಹಚ್ಚವಳೆ,
ಹೊಗೆ ಕಂಡ ನೆರೆಯೋರು ಉಂಡೋರು ಅನ್ನಲಿ ಅಂತ
ಬರಿದೊಲೆಯ ಹಚ್ಚವಳೆ ನಮ್ಮವ್ವ.

ವಿಲ್ಬರ್ಟ್ ಪ್ರತಿ ಸಾಲನ್ನೂ ತಿರುಗಿ ಕೊಟ್ಟರು. ಅವರ ಕನ್ನಡ ನಮ್ಮ ಮಕ್ಕಳ ಕನ್ನಡಕ್ಕಿಂತ ಚೆನ್ನಾಗಿತ್ತು. ಈ ಮಾತಿಗೆ ಎರಡು ಮೂರು ತಾಯಂದಿರು ನನ್ನ ಮೇಲೆ ಇನ್ನೂ ಸಿಟ್ಟಾಗಿದ್ದಾರೆ. ನಡುವೆ ಒಂದೆರಡು ನುಡಿಗೆ ಅವರು ಕನ್ನಡ ಬಿಟ್ಟು ತಮ್ಮ ತಾಯಿಯ ಮಾತಿನಲ್ಲೇ ಹಾಡಿದರು. ಆಗ ಸಿದ್ದರಾಜು ಸೊಲ್ಲು ಕೊಟ್ಟ. ಹತ್ತು ನಿಮಿಷದ ಹೊತ್ತಿಗೆ ಕೆಲವರು ಮಕ್ಕಳನ್ನು ಎತ್ತಿಕೊಂಡು ಹೊರಗೆ ಹೋದರು, ಸುಳ್ಳು ಯಾಕೆ ಹೇಳಲಿ. ಆದರೆ ಹೋದವರಲ್ಲಿ ಅರ್ಧ ಜನ ಬಾಗಿಲಲ್ಲೇ ನಿಂತು ಕೇಳಿದರು. ಶಿವಕುಮಾರರ ಮಡಿಲಲ್ಲಿ ಗಂಟೆ ಇತ್ತು. ಅವರು ಅದರ ನಾಲಿಗೆಯನ್ನು ಬೆರಳಲ್ಲಿ ಹಿಡಿದುಕೊಂಡು, ಅಲುಗಾಡದೆ ಕೂ‍ತಿದ್ದರು. ಸೌದೆ ಮುಗಿಯುವ ಕೊನೆಯ ನುಡಿಗೆ ಬಂದಾಗ ಸಿದ್ದರಾಜುವಿನ ದನಿ ಒಡೆಯಿತು. ವಿಲ್ಬರ್ಟ್ ಸಾಲನ್ನು ಎರಡು ಸಲ, ಮೂರು ಸಲ ತಿರುಗಿಸುತ್ತ ಅವನಿಗೆ ಉಸಿರು ಸಿಗುವವರೆಗೆ ಕಾದರು. ಮುಗಿಸಿದ.

ಚಪ್ಪಾಳೆ ಬರಲಿಲ್ಲ. ಯಾರಿಗೂ ತಟ್ಟಬೇಕೋ ಬೇಡವೋ ಗೊತ್ತಾಗಲಿಲ್ಲ. ಆ ಮೌನದಲ್ಲಿ ಮುಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದು, ಸೊಂಟ ಹಿಡಿದುಕೊಂಡು, ಪಕ್ಕದ ಬಾಗಿಲಿನಿಂದ ಅಡುಗೆಮನೆಯ ಕಡೆ ಹೋದರು. ಶಿವಕುಮಾರರ ತಾಯಿ ಗುರುಸಿದ್ದಮ್ಮ. ಚಾಮರಾಜನಗರದ ಹಳ್ಳಿಯವರು, ಮಗನ ಮನೆಗೆ ಬಂದು ಎರಡು ತಿಂಗಳಾಗಿತ್ತು, ಇಲ್ಲಿ ಯಾರೊಡನೆಯೂ ಹೆಚ್ಚು ಮಾತಿಲ್ಲ. ಹೊಟ್ಟೆ ಹಸಿದಿರಬೇಕು ಎಂದುಕೊಂಡೆ. ಒಂದು ನಿಮಿಷಕ್ಕೆ ವಾಪಸು ಬಂದರು. ಎರಡು ಕೈಯಲ್ಲೂ ಒಂದು ಅಲ್ಯೂಮಿನಿಯಂ ಟ್ರೇ, ಅದರ ತುಂಬ ಅಡುಗೆಗೆ ತಂದು ಉಳಿದ ಹಸಿ ಅಕ್ಕಿ. ನೇರ ವೇದಿಕೆಯ ಮೆಟ್ಟಿಲು ಹತ್ತಿದರು.

ಅಯ್ಯೋ ದೇವರೇ, ಮತ್ತೆ ಭಿಕ್ಷೆ, ಮತ್ತೆ ನನ್ನ ಕಾರ್ಯಕ್ರಮದಲ್ಲೇ ಎಂದುಕೊಂಡೆ. ತಡೆಯಲು ಓಡಿದೆ. ಶಿವಕುಮಾರರೂ "ಅಮ್ಮಾ, ಅಮ್ಮಾ" ಎನ್ನುತ್ತ ಎದ್ದರು. ಮುದುಕಿ ನಮ್ಮಿಬ್ಬರ ಕಡೆ ತಿರುಗಿಯೂ ನೋಡಲಿಲ್ಲ. ಸಿದ್ದರಾಜುವಿನ ಮುಂದೆ ನಿಂತು ಟ್ರೇಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದರು.

"ಹಿಡಿ ಕೂಸು. ಪೂರ್ತಿ ಪದ ಕೇಳ್ಬುಟ್ಟು ಬರಿಗೈಲಿ ಕಳ್ಸಕ್ಕಾದ್ದಾ?"

ಸಿದ್ದರಾಜು ತಂಬೂರಿಯನ್ನು ಕೆಳಗಿಟ್ಟ. ಸುತ್ತ ಒಮ್ಮೆ ನೋಡಿದ. ಹೆಗಲ ಮೇಲೆ ಏನೂ ಇರಲಿಲ್ಲ. ಪ್ಯಾಂಟಿನೊಳಗೆ ಸಿಕ್ಕಿಸಿದ್ದ ನೀಲಿ ಶರ್ಟನ್ನು ಈಚೆಗೆ ಎಳೆದು, ಅದರ ಅಂಚನ್ನು ಎರಡೂ ಕೈಯಲ್ಲಿ ಚಾಚಿ ಹಿಡಿದ. ತಲೆ ಬಗ್ಗಿಸಲಿಲ್ಲ. ಕಣ್ಣಿಂದ ನೀರು ಸುರಿಯುತ್ತಿದ್ದರೂ ಮುದುಕಿಯ ಮುಖವನ್ನೇ ನೇರವಾಗಿ ನೋಡುತ್ತಿದ್ದ. ಗುರುಸಿದ್ದಮ್ಮ ನಿಧಾನವಾಗಿ ಅಕ್ಕಿ ಸುರಿದರು. ಅಂಚಿನಿಂದ ಒಂದಿಷ್ಟು ಜಾರಿ ಕೆಳಗೆ ಬೀಳತೊಡಗಿತು. ವಿಲ್ಬರ್ಟ್ ಬಂದು ಶರ್ಟಿನ ಇನ್ನೊಂದು ಬದಿಯನ್ನು ಎತ್ತಿ ಹಿಡಿದುಕೊಂಡರು.